ಸೌಟಪ್ಪನ ಕತೆಗೆ ಹೂಂ ಅಂದವರು

ಯಸಳೂರಿನಿಂದ ಎರಡು ಮೈಲಿ ಆಚೆಗಿರುವ ಪುಟ್ಟಸ್ವಾಮಿಯವರ ಎಸ್ಟೇಟಿನಲ್ಲಿ, ಸ್ಟೋರಿನೊಳಗೆ ಕೂತು ಕಾಫಿ ಬೀಜ ಆರಿಸುವ ಹೆಂಗಸರಿಗೆ ಒಂದು ಕಟ್ಟಳೆ ಇತ್ತು. ಒಬ್ಬಳು ಕತೆ ಹೇಳಿದರೆ ಇನ್ನೊಬ್ಬಳು ಹೂಂಗುಟ್ಟಬೇಕು. ಯಾರೂ ಹೂಂ ಅನ್ನದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಮೊದಲ ಹೂಂ ಯಾರ ಬಾಯಿಂದ ಬರುತ್ತದೋ ಅವಳೇ ಕತೆ ಮುಗಿಯುವ ತನಕ ಹೂಂಗುಟ್ಟಬೇಕು, ಅಷ್ಟು ದಿನವೂ ಕತೆ ಹೇಳುವವಳ ಮೊರದ ಬೀಜವನ್ನೂ ಅವಳೇ ಆರಿಸಿಕೊಡಬೇಕು. ಕತೆ ಹೇಳುವವಳ ಕೈ ಖಾಲಿ ಇರಬೇಕಲ್ಲ, ಇಲ್ಲದಿದ್ದರೆ ರಾಕ್ಷಸ ಎಷ್ಟೆತ್ತರ ಇದ್ದ ಅಂತ ತೋರಿಸುವುದು ಹೇಗೆ?

ಕತೆ ಹೇಳುವವಳು ಈರಮ್ಮ. ಅರವತ್ತಾರು ವರ್ಷ. ಹೂಂಗುಟ್ಟುವವಳು ಮುನಿಯಮ್ಮ. ಇಪ್ಪತ್ತು ವರ್ಷದಿಂದ ಮುನಿಯಮ್ಮ ಎರಡು ಮೊರ ಆರಿಸುತ್ತಾ ಬಂದಿದ್ದಳು, ಒಂದು ದಿನವೂ ಗೊಣಗಿರಲಿಲ್ಲ. ಈ ಏರ್ಪಾಟಿನಿಂದ ಈರಮ್ಮನಿಗೆ ಒಂದು ದೊಡ್ಡ ಉಪಕಾರವಾಗಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನಾಲ್ಕು ವರ್ಷದಿಂದ ಅವಳಿಗೆ ಹತ್ತಿರದ್ದು ಕಾಣುತ್ತಿರಲಿಲ್ಲ. ದೂರದ ಗುಡ್ಡದ ಮೇಲಿನ ಹಸು ಯಾರದ್ದು ಅಂತ ಹೇಳಬಲ್ಲಳು, ಮಡಿಲಲ್ಲಿರುವ ಮೊರದಲ್ಲಿ ಕಪ್ಪು ಬೀಜ ಯಾವುದು, ಒಳ್ಳೆಯದು ಯಾವುದು ಅಂತ ಹೇಳಲಾರಳು. ಸಂತೆಯಲ್ಲಿ ಒಂದು ಕನ್ನಡಕ ಕೊಂಡು ಹಾಕಿ ನೋಡಿದ್ದಳು. ನೆಲ ಮೊಣಕಾಲಿನ ತನಕ ಎದ್ದು ಬಂತು. ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು, ಮತ್ತೆ ಆ ಸುದ್ದಿಗೆ ಹೋಗಲಿಲ್ಲ.

ಕಣ್ಣು ಹೋಗಿದೆ ಅಂತ ಗೊತ್ತಾದರೆ "ಮನೇಲಿರಜ್ಜಿ" ಅಂತಾರೆ. ಯಾರೂ ಬೈಯುವುದಿಲ್ಲ, ಮರ್ಯಾದೆಯಿಂದಲೇ ಅಂತಾರೆ. ಹನ್ನೆರಡನೇ ವಯಸ್ಸಿಗೆ ಅಜ್ಜಿ ದೇವೀರಮ್ಮನ ಪಕ್ಕ ಬಂದು ಕೂತ ಜಾಗ ಅದು. ಅಲ್ಲಿಂದ ಎದ್ದರೆ ಆಮೇಲೆ ಮನೆ ಬಾಗಿಲಲ್ಲಿ ಕೂತು ಪಕ್ಕದ ಮನೆ ಕೋಳಿ ಕಾಯುವುದೇ.

ಹೀಗಿರುವಾಗ ತೊಂಬತ್ತೊಂಬತ್ತರ ಜನವರಿಯಲ್ಲಿ ಕತೆಗಳು ಮುಗಿದುಹೋದವು. ಎಲ್ಲರಿಗೂ ಎಲ್ಲ ಕತೆಯೂ ಬಾಯಿಪಾಠವಾಗಿತ್ತು. ರಾಜನಿಗೆ ಏಳು ಜನ ಮಕ್ಕಳು ಅನ್ನುವಷ್ಟರಲ್ಲಿ ಪಾರ್ವತಮ್ಮ "ಕಿರಿಯೋನೇ ಗೆಲ್ಲೋದು ಬುಡು" ಅನ್ನುತ್ತಿದ್ದಳು. ಸುಲೋಚನಮ್ಮ ಅಳಿಯನ ರೇಡಿಯೋ ತರುತ್ತೇನೆ ಅಂತ ಮಾತು ತೆಗೆದಳು. ಹೊಸದೊಂದು ಕಟ್ಟಿ ಹೇಳಿದರಾಯಿತಲ್ಲ ಅಂತ ನಿಮಗೆ ಅನ್ನಿಸಬಹುದು. ಈರಮ್ಮನಿಗೆ ಅದು ಆಗದ ಮಾತು. ಕೇಳಿದ್ದನ್ನು, ಕಂಡಿದ್ದನ್ನು ಮಾತ್ರ ಹೇಳು ಅಂತ ದೇವೀರಮ್ಮ ಅವಳ ತಲೆ ಮೇಲೆ ಕೈಯಿಟ್ಟು ಮಾತು ತಗೊಂಡಿದ್ದಳು. ಐವತ್ತು ವರ್ಷದಲ್ಲಿ ಈರಮ್ಮ ಒಂದು ಕುದುರೆಗೂ ಇಲ್ಲದ ಬಣ್ಣ ಹಚ್ಚಿದವಳಲ್ಲ.

ಅಂಥ ಹೊತ್ತಿಗೆ ಮಗ ಧರ್ಮ ಒಂದು ಡಬ್ಬಿ ತಂದ. ಅವನದು ಯಸಳೂರಿನಲ್ಲಿ ಟಿವಿ ರಿಪೇರಿ ಅಂಗಡಿ. ಯಾರೋ ವಿಡಿಯೋ ಗೇಮ್ ರಿಪೇರಿಗೆ ಕೊಟ್ಟು ವರ್ಷವಾದರೂ ತಗೊಂಡು ಹೋಗಲು ಬಂದಿರಲಿಲ್ಲ. ಜೊತೆಗೆ ಎರಡು ಕ್ಯಾಸೆಟ್ಟು, ಒಂದೇ ಕತೆಯ ಎರಡು ಭಾಗ.

"ಜಪಾನಿಂದು ಕಣವ್ವ. ಬರ್ದಿರೋದೊಂದೂ ತಿಳಿಯಕಿಲ್ಲ" ಅಂದ ಧರ್ಮ.

ಈರಮ್ಮ ಆರು ಅಡಿ ದೂರದಲ್ಲಿ ಗೋಡೆಗೊರಗಿ ಕೂತಳು. ದಪ್ಪ ದಪ್ಪ ಚಿತ್ರ, ಗಾಢ ಬಣ್ಣ. ಎಲ್ಲ ಚೆನ್ನಾಗಿ ಕಂಡಿತು. ಜುಟ್ಟು ಕಟ್ಟಿದ ಡೊಳ್ಳು ಹೊಟ್ಟೆಯವನೊಬ್ಬ, ಕೈಯಲ್ಲಿ ಸೌಟು. ಅದರಿಂದಲೇ ಎಲ್ಲರಿಗೂ ಬಾರಿಸುತ್ತಾ ಹೊರಟಿದ್ದ. ಅವನಿಗೆ ಸೌಟಪ್ಪ ಅಂತ ಹೆಸರಿಟ್ಟಳು. ಅವನ ಸಂಗಡ ತಲೆ ಮೇಲೆ ಎಲೆ ಇಟ್ಟುಕೊಂಡ ನರಿಯಂಥ ಪ್ರಾಣಿ. ಎದುರಿಗೆ ಒಂದೇ ಕಾಲು, ಒಂದೇ ಕಣ್ಣಿನ ಛತ್ರಿಗಳು ಕುಪ್ಪಳಿಸಿಕೊಂಡು ಬಂದವು. ಹಳೇ ಛತ್ರಿಗೆ ದೆವ್ವ ಹಿಡಿಯುವುದು ಅವಳಿಗೆ ಆಶ್ಚರ್ಯವೆನಿಸಲಿಲ್ಲ. ಅವಳ ಮನೆಯ ಮೂಲೆಯಲ್ಲೂ ಅಂಥವು ಎರಡಿದ್ದವು.

ಸ್ವಲ್ಪ ಹೊತ್ತಿಗೆ ಆಟ ನಿಂತಿತು. ಸೌಟಪ್ಪ ಇವರ ಕಡೆಗೆ ತಿರುಗಿ ನಿಂತ. ಕೆಳಗೆ ಒಂದು ಚೌಕದಲ್ಲಿ ನಾಲ್ಕು ಸಾಲು ಜಪಾನಿ ಅಕ್ಷರ ಮೂಡಿ, ಮೂಲೆಯಲ್ಲಿ ಒಂದು ಪುಟ್ಟ ತ್ರಿಕೋನ ಮಿಣುಕತೊಡಗಿತು.

"ಕೆಟ್ಟೋಯ್ತೇನ್ಲಾ?"

"ಇಲ್ಲ ಕಣವ್ವ. ಈ ಬಟನ್ ಒತ್ತೋಗಂಟ ಮುಂದಕ್ಕೆ ಹೋಗಕಿಲ್ಲ. ಹಿಂಗೇ ಮಿಣುಕ್ತಾ ಕೂತಿರ್ತದೆ, ವರ್ಷವಾದ್ರೂ."

ಈರಮ್ಮ ನೆಟ್ಟಗೆ ಕೂತಳು. "ಅದು ಹೂಂ ಕೇಳ್ತಾ ಐತೆ ಕಣೋ! ಹೂಂ ಅನ್ನು, ಬೇಗ!"

ಧರ್ಮ ಬಟನ್ ಒತ್ತಿದ. ಕತೆ ಮುಂದೆ ಹೋಯಿತು. ಜಪಾನು ಎಲ್ಲಿದೆಯೋ ಅವಳಿಗೆ ತಿಳಿಯದು, ಆದರೆ ಅಲ್ಲಿಯವರು ಕತೆ ಹೇಳುವುದನ್ನು ಬಲ್ಲವರು ಅಂತ ಆ ಕ್ಷಣಕ್ಕೆ ಒಪ್ಪಿಕೊಂಡಳು.

ಒಂದು ತೊಡಕಿತ್ತು. ಆ ಸುಗ್ಗಿಯಲ್ಲಿ ದಿನಾ ಸಂಜೆ ಏಳಕ್ಕೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಧರ್ಮ ಅಂಗಡಿ ಮುಚ್ಚಿ ಬಂದು ಕೂರುವುದು ಐದೂವರೆಗೆ. ಕರೆಂಟು ಹೋದರೆ ಆಟ ಮರುದಿನ ಮತ್ತೆ ಮೊದಲಿಂದ. ಕೈ ಪಳಗಿದಂತೆ ದಿನಕ್ಕಿಷ್ಟು ಮುಂದೆ ಹೋಗುತ್ತಿದ್ದ. ಹೋದಷ್ಟನ್ನು ಈರಮ್ಮ ಮರುದಿನ ಸ್ಟೋರಿನಲ್ಲಿ ಹೇಳುತ್ತಿದ್ದಳು, ಒಂದಿಷ್ಟೂ ಸೇರಿಸದೆ.

"ಆಗ ಸೌಟಪ್ಪ ಛತ್ರಿಗೆ ಏನೋ ಅಂದ. ಏನಂದ ಅನ್ನೋದು ನಂಗೆ ಗೊತ್ತಿಲ್ಲ. ಛತ್ರಿ ಅತ್ಬುಡ್ತು."

"ಹೂಂ" ಅಂದಳು ಮುನಿಯಮ್ಮ.

"ಯಾಕೆ ಅತ್ತಿದ್ದು?" ಅಂದಳು ಪಾರ್ವತಮ್ಮ.

"ಅದೂ ಗೊತ್ತಿಲ್ಲ. ಅತ್ತಿದ್ದು ಮಾತ್ರ ಕಂಡೆ."

ಈ ರೀತಿ ಯಾರೂ ಅಲ್ಲಿ ಕತೆ ಕೇಳಿರಲಿಲ್ಲ. ಛತ್ರಿ ಯಾಕೆ ಅತ್ತಿತು ಅಂತ ಹೆಂಗಸರು ಊಟದ ಹೊತ್ತಿನಲ್ಲೂ ಜಗಳವಾಡಿದರು. ರೇಡಿಯೋ ಮಾತು ಅಲ್ಲಿಗೇ ಬಿತ್ತು.

ಕತೆಯ ಕಟ್ಟು ಒಂದೊಂದಾಗಿ ತಿಳಿಯುತ್ತಾ ಬಂತು. ಮೂಗಪ್ಪ ಅಂತ ಒಬ್ಬ ರಾಕ್ಷಸ. ಕೆಂಪು ಮುಖ, ಮೊಳದುದ್ದ ಮೂಗು. ಅವನು ಹಾಡಿದ್ದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ ಅಂತ ಊರಿಗೆ ಬೆಂಕಿ ಇಟ್ಟಿದ್ದ. ಸೌಟಪ್ಪ ಮೂರು ಸಲ ಸತ್ತರೆ ಅವನು ಸತ್ತ ಅಂತ ಲೆಕ್ಕ, ಎರಡು ಸಲದ ತನಕ ಏನೂ ಆಗಿಲ್ಲವೆಂಬಂತೆ ಎದ್ದು ನಡೆಯುತ್ತಾನೆ. ರಾಕ್ಷಸನೂ ಅಷ್ಟೇ. ಸತ್ತು ಬಿದ್ದವನು ಎದ್ದು, ಇಷ್ಟು ಹೊತ್ತು ತಮಾಷೆ ಮಾಡಿದೆ ಅನ್ನುವ ಹಾಗೆ ಇಮ್ಮಡಿಯಾಗುತ್ತಾನೆ. ಇನ್ನು ಸೋತೆವು ಅನ್ನುವಾಗ ಊರ ಗಂಟೆಗೋಪುರ ಕಾಲು ಮೂಡಿಸಿಕೊಂಡು ಎದ್ದು ನಿಲ್ಲುತ್ತದೆ. ನಿಂತಮೇಲೆ ಮೊದಲು ಒಂದು ಹಾಡು ಪೂರಾ ಆಗಬೇಕು. ಅಷ್ಟು ಹೊತ್ತೂ ರಾಕ್ಷಸ ಕೈಕಟ್ಟಿ ಕಾಯುತ್ತಾನೆ.

"ಅವ್ನ್ಯಾಕೆ ಸುಮ್ಕೆ ಕಾಯ್ತಾನೆ? ಆಗ್ಲೇ ಬಡೀಬೋದಲ್ಲ?" ಅಂದಳು ಸುಲೋಚನಮ್ಮ.

"ಹಾಡು ನಡೀವಾಗ ಹೊಡ್ದಾಡ್ತಾರೇನೇ? ಅವ್ನು ರಾಕ್ಷಸ ಇರ್ಬೋದು, ಹಂಗಂತ ಮರ್ಯಾದೆ ಇಲ್ವಾ?"

ಮೊದಲ ಭಾಗ ಫೆಬ್ರವರಿಯ ಒಂದು ಶನಿವಾರ ಮುಗಿಯಿತು. ಮುನಿಯಮ್ಮನ ಹೂಂ ಕೂಡ ಅಲ್ಲಿಗೆ ಮುಗಿಯಿತು. ಅದೇ ಶನಿವಾರ ಸಂಜೆ, ಎಸ್ಟೇಟಿನ ಲೆಕ್ಕಪತ್ರ ಬರೆಯುವ ಹೊಸ ರೈಟರ್ ರವಿಚಂದ್ರ ಹೆಂಗಸರನ್ನೆಲ್ಲ ನಿಲ್ಲಿಸಿಕೊಂಡ.

ಅವನು ಕೆ. ಹೊಸಕೋಟೆ ಕಡೆಯ ಹುಡುಗ, ಇಪ್ಪತ್ತಾರು ವಯಸ್ಸು, ಬಂದು ಎರಡು ವಾರವಾಗಿತ್ತು. ಕೆಟ್ಟವನಲ್ಲ. ಆದರೆ ಹೊಸ ಕೆಲಸ, ಏನಾದರೂ ಒಂದು ರೂಲ್ಸು ಮಾಡದೆ ಅವನಿಗೆ ಊಟ ಸೇರುತ್ತಿರಲಿಲ್ಲ.

"ಸೋಮವಾರದಿಂದ ಒಬ್ಬೊಬ್ಬರ ಮೊರಕ್ಕೂ ನಂಬರ್ ಚೀಟಿ. ನಿಮ್ಮ ಮೊರ ನೀವೇ ಆರಿಸಬೇಕು. ಒಬ್ಬರ ಮೊರಕ್ಕೆ ಇನ್ನೊಬ್ಬರು ಕೈ ಹಾಕಂಗಿಲ್ಲ. ಸಂಜೆ ನಾನು ಒಂದೊಂದೂ ನೋಡ್ತೀನಿ."

ಹೆಂಗಸರು ಈರಮ್ಮನ ಕಡೆ ನೋಡಲಿಲ್ಲ. ಮುನಿಯಮ್ಮ ಸೆರಗನ್ನು ಎರಡೆರಡು ಸಲ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುನಿಯಮ್ಮನಿಗೆ ತನ್ನ ಕಣ್ಣಿನ ವಿಷಯ ಗೊತ್ತು ಅಂತ ಈರಮ್ಮನಿಗೆ ಗೊತ್ತಾಗಿದ್ದು ಆಗ.

ಸೋಮವಾರ ಈರಮ್ಮನ ಮೊರಕ್ಕೆ ಒಂಬತ್ತನೇ ನಂಬರು ಬಿತ್ತು. ಬೀಜದ ಮೇಲೆ ಬೆರಳಾಡಿಸಿದಳು. ಒಡಕು ಕೈಗೆ ತಿಳಿಯುತ್ತದೆ, ಕಪ್ಪು ತಿಳಿಯುವುದಿಲ್ಲ. ಹತ್ತು ಗಂಟೆಗೆ, ಬೇರೇನೂ ತೋಚದೆ, ಎರಡನೇ ಭಾಗ ಶುರುಮಾಡಿದಳು.

"ಸೌಟಪ್ಪ ಊರಿಗೆ ವಾಪಸ್ ಬಂದ."

ಯಾರೂ ಹೂಂ ಅನ್ನಲಿಲ್ಲ. ಅಂದರೆ ಅವಳ ಮೊರಕ್ಕೆ ಕೈ ಹಾಕಬೇಕು. ಕೈ ಹಾಕಿದರೆ ರೈಟರ್ ಕಿಟಕಿ ಪಕ್ಕ ಮೇಜು ಹಾಕಿಕೊಂಡು ಅಲ್ಲೇ ಕೂತಿದ್ದಾನೆ. ಮುನಿಯಮ್ಮ ತುಟಿ ಕಚ್ಚಿಕೊಂಡು ತಲೆ ತಗ್ಗಿಸಿದಳು. ಕಣ್ಣಲ್ಲಿ ನೀರಿತ್ತು.

ಈರಮ್ಮ ಇನ್ನೊಂದು ಮಾತು ಹೇಳಿ ನೋಡಿದಳು. "ಬಂದು ನೋಡ್ತಾನೆ, ಊರ ಬಾಗ್ಲಲ್ಲಿ ಒಂದು ಅಂಗ್ಡಿ. ಅಂಗ್ಡೀಲಿ ಮೂಗಪ್ಪ ಕೂತ್ಕಂಡು ಕಡುಬು ಮಾರ್ತಾವ್ನೆ."

ಅಷ್ಟು ಹೇಳಿ ನಿಲ್ಲಿಸಿದಳು. ಸ್ಟೋರಿನಲ್ಲಿ ಮೊರದ ಸದ್ದೂ ನಿಂತಿತು. ಊರು ಸುಟ್ಟವನು ಕಡುಬು ಮಾರುವುದೆಂದರೇನು? ಯಾರೂ ಬಾಯಿ ಬಿಡುವಂತಿಲ್ಲ. ಈರಮ್ಮ ಗೋಡೆ ನೋಡುತ್ತಾ ಕಾದಳು. ಆ ತ್ರಿಕೋನ ಮಿಣುಕುತ್ತಾ ಕಾಯುತ್ತಿತ್ತಲ್ಲ, ಹಾಗೆ.

ಎರಡು ವಾರದಿಂದ ರವಿಚಂದ್ರ ಪುಸ್ತಕದಲ್ಲಿ ಮುಖವಿಟ್ಟುಕೊಂಡು ಮೂಗಪ್ಪನ ಕತೆಯನ್ನೇ ಕೇಳಿದ್ದ. ಮೂಗಪ್ಪನ ಮೇಲೆ ಅವನಿಗೆ ನಿಜವಾದ ಸಿಟ್ಟಿತ್ತು. ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. ಕೊನೆಗೆ ತಡೆಯಲಾಗಲಿಲ್ಲ.

"ಹೂಂ, ಆಮೇಲೆ?" ಅಂದುಬಿಟ್ಟ.

ಮುನಿಯಮ್ಮ ಎದ್ದಳು. ಒಂಬತ್ತನೇ ನಂಬರಿನ ಮೊರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ರೈಟರ್ ಮೇಜಿನ ಮೇಲೆ ಇಟ್ಟಳು. ಕಟ್ಟಳೆ ವಿವರಿಸಿದಳು. ರವಿಚಂದ್ರ ನಗಲು ನೋಡಿದ. ಇಪ್ಪತ್ತೆರಡು ಹೆಂಗಸರಲ್ಲಿ ಒಬ್ಬಳೂ ನಗಲಿಲ್ಲ.

ಹತ್ತೂವರೆಗೆ ಸಾಹುಕಾರರು ಪುಟ್ಟಸ್ವಾಮಿ ಬಂದಾಗ ರೈಟರ್ ಮೊರದ ಮುಂದೆ ಕೂತಿದ್ದ.

"ಏನಪ್ಪಾ ಇದು?"

"ಹೂಂ ಅಂದ್ಬಿಟ್ಟೆ ಸಾರ್."

ಪುಟ್ಟಸ್ವಾಮಿ ಅಲ್ಲೇ ನಿಂತು ಕನ್ನಡಕ ಒರೆಸಿಕೊಂಡರು. ಇದೇ ಸ್ಟೋರಿನಲ್ಲಿ, ಚಡ್ಡಿ ಹಾಕುತ್ತಿದ್ದ ಕಾಲಕ್ಕೆ, ದೇವೀರಮ್ಮನಿಗೆ ಹೂಂ ಅಂದು ಅವರೂ ಮೂರು ದಿನ ಬೀಜ ಆರಿಸಿದ್ದರು. ಅವರಪ್ಪ ಎಬ್ಬಿಸಲು ಬಂದವರು ಸುಮ್ಮನೆ ಹೋಗಿದ್ದರು.

"ಎಂಥ ಕೆಲಸ ಮಾಡ್ಕಂಡ್ಯೋ ಮಾರಾಯ. ಕತೆ ಮುಗಿಯೋಗಂಟ ಏಳಂಗಿಲ್ಲ ನೀನು" ಅಂದರು. "ಮುಗಿದ್ಮೇಲೆ ನಿನ್ ರೂಲ್ಸು."

"ಹೂಂ ಸಾರ್. ಮುಗಿದ್ಮೇಲೆ ಒಂಬತ್ತನೇ ಮೊರ ಅಜ್ಜಿನೇ ಆರಿಸ್ಬೇಕು" ಅಂದ ರವಿಚಂದ್ರ, ಎಲ್ಲರಿಗೂ ಕೇಳುವ ಹಾಗೆ.

ಎರಡನೇ ಭಾಗ ಉದ್ದವಿತ್ತು. ಚಂದ್ರಲೋಕದ ರಾಣಿ, ತನ್ನ ಸ್ನಾನದ ನೀರು ಕಾಯಲಿಲ್ಲ ಅಂತ ಭೂಮಿಯ ಮೇಲಿನ ಹಂಡೆಗಳನ್ನೆಲ್ಲ ಕಿತ್ತುಕೊಂಡು ಹೋಗಿದ್ದಳು. ಮೂಗಪ್ಪ ಈಗ ಸೌಟಪ್ಪನ ಕಡೆ. ದಾರಿಗೆ ಕಡುಬು ಕಟ್ಟಿಕೊಡುತ್ತಾನೆ, ಬೇಡವೆಂದರೂ ಹಾಡುತ್ತಾನೆ. ಇದನ್ನು ಒಪ್ಪಲು ಹೆಂಗಸರಿಗೆ ನಾಲ್ಕು ದಿನ ಬೇಕಾಯಿತು.

"ಊರು ಸುಟ್ಟಿದ್ದು ಯಾರೂ ಕೇಳಲ್ವಾ?" ಅಂದಳು ಪಾರ್ವತಮ್ಮ.

"ಅದು ಮೊದಲ್ನೇ ಭಾಗದ್ದು" ಅಂದ ರವಿಚಂದ್ರ, ಮೊರದಿಂದ ತಲೆ ಎತ್ತದೆ. "ಎರಡನೇ ಭಾಗದಲ್ಲಿ ಅದನ್ನ ಎತ್ತಂಗಿಲ್ಲ. ಕತೆ ಹೇಳೋಕೆ ಬಿಡಿ."

ಆರಿಸುವುದರಲ್ಲಿ ಅವನು ಬಲು ನಿಧಾನ. ಒಂದು ಮಧ್ಯಾಹ್ನ ಬೀಜವೊಂದನ್ನು ಈರಮ್ಮನ ಮುಂದೆ ಹಿಡಿದ. "ಅಜ್ಜಿ, ಇದು ಕಪ್ಪಾ, ಬರೀ ಕಲೆನಾ?"

ಈರಮ್ಮ ಈಸಿಕೊಂಡಳು. ಕೈಯನ್ನು ಉದ್ದಕ್ಕೆ ಚಾಚಿ ಕಿಟಕಿಯ ಬೆಳಕಿಗೆ ಹಿಡಿದಳು. ಉಗುರಿನಿಂದ ಕೆರೆದಳು. ಮೂಸಿದಳು.

"ನಿಂಗೆ ಕಣ್ಣಿಲ್ವಾ ಮಗ? ನೀನೇ ನೋಡು" ಅಂದಳು.

ರವಿಚಂದ್ರ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಬೀಜ ವಾಪಸು ತಗೊಂಡ. ಅವನಿಗೆ ಗೊತ್ತಾಯಿತು ಅಂತ ಈರಮ್ಮನಿಗೆ ಗೊತ್ತಾಯಿತು. ಆ ದಿನದಿಂದ ಅವಳ ಊಟ ಅರ್ಧಕ್ಕೆ ಇಳಿಯಿತು. ಕತೆ ನಡೆಯುವಷ್ಟು ದಿನ ರೈಟರ್ ಬಾಯಿ ಕಟ್ಟಿದೆ. ಮುಗಿದ ಸಂಜೆಯೇ ಅವನು ಒಂಬತ್ತನೇ ಮೊರ ತಂದು ಮುಂದಿಡುತ್ತಾನೆ. ಆಮೇಲೆ ಕೋಳಿ ಕಾಯುವುದು.

ಇತ್ತ ಧರ್ಮನ ಕೈ ಮಾತ್ರ ದಿನೇ ದಿನೇ ಚುರುಕಾಗುತ್ತಿತ್ತು. ಹಾಳಾದ ಕೈ ಅಂತ ಹೆತ್ತ ತಾಯಿಯೇ ಮನಸ್ಸಿನಲ್ಲಿ ಬೈದುಕೊಂಡಳು.

ಮಾರ್ಚಿ ತಿಂಗಳ ಒಂದು ಶುಕ್ರವಾರ, ಏಳಕ್ಕೆ ಇನ್ನೂ ಇಪ್ಪತ್ತೈದು ನಿಮಿಷ ಇರುವಾಗ, ಚಂದ್ರಲೋಕದ ರಾಣಿ ಮೂರನೇ ಸಲ ಬಿದ್ದಳು. ಮತ್ತೆ ಏಳಲಿಲ್ಲ. ಆಕಾಶದಿಂದ ಹಂಡೆಗಳು ಒಂದೊಂದಾಗಿ ಇಳಿದವು. ಧರ್ಮ ಕೂತಲ್ಲಿಂದಲೇ ಎಗರಿದ.

"ಮುಗೀತು ಕಣವ್ವ! ಗೆದ್ಬುಟ್ಟೆ!"

ಊರಿನವರೆಲ್ಲ ಸಾಲಾಗಿ ನಿಂತರು. ಎಲೆ ಹೊತ್ತ ನರಿ, ಅತ್ತ ಛತ್ರಿ, ಮೂಗಪ್ಪ. ರಾಣಿಯೂ ತಲೆ ತಗ್ಗಿಸಿಕೊಂಡು ಬಂದು ಮೂಗಪ್ಪನ ಪಕ್ಕ ನಿಂತಳು. ಮೂರನೇ ಭಾಗವಿದ್ದರೆ ಇವಳೂ ಏನೋ ಮಾರುತ್ತಾಳೆ ಅಂತ ಈರಮ್ಮನಿಗೆ ಆಗಲೇ ತಿಳಿಯಿತು. ಸೌಟಪ್ಪ ಮುಂದೆ ಬಂದು, ಇವರಿಬ್ಬರ ಕಡೆ ತಿರುಗಿ, ಬಾಯಿ ತೆರೆದ. ನಾಲ್ಕು ಸಾಲು ಅಕ್ಷರ. ಮೂಲೆಯಲ್ಲಿ ತ್ರಿಕೋನ ಮಿಣುಕತೊಡಗಿತು.

"ಇದೊಂದು ಒತ್ತಿದ್ರೆ ಆಯ್ತು" ಅಂತ ಧರ್ಮ ಹೆಬ್ಬೆರಳು ಎತ್ತಿದ.

ಈರಮ್ಮ ಆರು ಅಡಿ ದಾಟಿ ಬಂದು ಅವನ ಕೈ ಹಿಡಿದುಕೊಂಡಳು.

"ಬ್ಯಾಡ ಕಣೋ. ಹೂಂ ಅನ್ಬ್ಯಾಡ."

"ಅವ್ವ? ಎರಡು ತಿಂಗ್ಳಿಂದ ಬಡ್ಕೊಂಡಿದೀನಿ! ಏನಾಯ್ತು ನಿಂಗೆ?"

"ನೋಡಿದ್ರೆ ಹೇಳ್ಬೇಕಾಯ್ತದೆ. ನೋಡ್ದೆ ಇದ್ರೆ ಮುಗಿದಿಲ್ಲ ಅನ್ಬೋದು. ಸುಳ್ಳಾಗಕಿಲ್ಲ."

"ಮುಗುದ್ರೆ ಏನೀಗ?"

ಈರಮ್ಮ ಹೇಳಬಾರದು ಅಂದುಕೊಂಡಿದ್ದಳು. ಮಗನ ಕೈ ಬಿಡದೆ ಹೇಳಿದಳು. "ನಂಗೆ ಕಾಳು ಕಾಣಕಿಲ್ಲ ಕಣೋ ಧರ್ಮ. ನಾಕು ವರ್ಷ ಆಯ್ತು. ಕತೆ ಇರೋದ್ಕೆ ಅಲ್ಲಿ ಕೂತಿದೀನಿ. ಕತೆ ಮುಗುದ್ರೆ ನನ್ನೂ ಎಬ್ಬಿಸ್ಬುಡ್ತಾರೆ."

ಧರ್ಮ ಅವಳನ್ನೂ ಟಿವಿಯನ್ನೂ ನೋಡಿದ. ಅವ್ವ ತನ್ನ ಹತ್ತಿರ ಬಂದು ಕೂತರೆ ಯಾಕೆ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ ಅಂತ ಅವನಿಗೆ ನಾಲ್ಕು ವರ್ಷದಿಂದ ಬೇಜಾರಿತ್ತು. ಆಟದ ಬಟನ್ನಿದ್ದ ರಿಮೋಟನ್ನು ನಿಧಾನವಾಗಿ ಚಾಪೆಯ ಮೇಲಿಟ್ಟ.

"ಕಣ್ಣಾಸ್ಪತ್ರೆಗೆ ಹೋಗಾನ."

"ಆರ್ಸೋದು ಮುಗೀಲಿ. ಈ ಸುಗ್ಗಿ ಒಂದು."

"ಸರಿ. ಏಳಕ್ಕೆ ಕರೆಂಟ್ ಹೋಯ್ತದೆ. ಅಲ್ಲೀಗಂಟ ಯಾರೂ ಮುಟ್ಟೋದ್ ಬ್ಯಾಡ."

ತಾಯಿ ಮಗ ಪಕ್ಕ ಪಕ್ಕ ಕೂತರು. ಸೌಟಪ್ಪ ಬಾಯಿ ತೆರೆದುಕೊಂಡು ನಿಂತಿದ್ದ. ಅವನ ಹಿಂದೆ ಊರಿಗೆ ಊರೇ ಕಾಯುತ್ತಿತ್ತು. ಈರಮ್ಮನಿಗೆ ಅವರ ಮೇಲೆ ಕನಿಕರ ಬಂತು, ಅವಳು ಯಾವತ್ತೂ ಯಾವ ಕತೆಯನ್ನೂ ಹೀಗೆ ಬಾಗಿಲಲ್ಲಿ ನಿಲ್ಲಿಸಿದವಳಲ್ಲ. ಏಳು ಗಂಟೆಯಾಯಿತು. ಏಳೂ ಹತ್ತಾಯಿತು. ಸುಗ್ಗಿಯಲ್ಲಿ ಒಂದು ದಿನವೂ ತಪ್ಪದ ಕರೆಂಟು ಅವತ್ತು ಹೋಗಲಿಲ್ಲ.

ಏಳೂವರೆಗೆ ಸೊಸೆ ವಾಣಿ ಅಡುಗೆಮನೆಯಿಂದ ಇಣುಕಿದಳು. "ಇದೇನು ಅತ್ತೆ, ಇಬ್ರೂ ಹಿಂಗೆ ಕೂತಿದೀರಿ? ಇವತ್ತು ಕರೆಂಟೇ ತೆಗ್ದಿಲ್ಲ ನೋಡಿ, ಎಂಥ ಪುಣ್ಯ" ಅಂದು ಒಳಗೆ ಹೋದಳು.

ಈರಮ್ಮ ಟಿವಿ ಕಡೆಗೇ ನೋಡಿದಳು. ಎದ್ದು ಆಚೆ ಹೋಗೋಣವೆಂದರೆ, ನೋಡದೆ ಬಿಟ್ಟು ಹೋದೆ ಅಂತ ನಾಳೆ ಹೇಳಬೇಕು. ಯಾಕೆ ಬಿಟ್ಟು ಹೋದೆ ಅಂತ ರೈಟರ್ ಕೇಳುತ್ತಾನೆ. ಮುಖ ಕೈಯಲ್ಲಿ ಮುಚ್ಚಿಕೊಂಡಳು.

ಧರ್ಮ ಎದ್ದ. ಗೋಡೆಯ ಹತ್ತಿರ ಹೋಗಿ ಸ್ವಿಚ್ಚು ಆರಿಸಿದ. ಸೌಟಪ್ಪ, ಅವನ ಊರು, ಮಿಣುಕುವ ತ್ರಿಕೋನ, ಎಲ್ಲ ಒಂದು ಬಿಳಿ ಚುಕ್ಕಿಯಾಗಿ, ಅದೂ ಹೋಯಿತು.

"ಕರೆಂಟ್ ಹೋಯ್ತು ಕಣವ್ವ" ಅಂದ.

ಈರಮ್ಮ ಕೈ ತೆಗೆದು ನೋಡಿದಳು. ಅಡುಗೆಮನೆಯಲ್ಲಿ ಬಲ್ಬು ಧಾರಾಳವಾಗಿ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಮಗ ಗೋಡೆಗೆ ಕೈಯೂರಿ ನಿಂತು ಅವಳ ಮುಖ ನೋಡುತ್ತಿದ್ದ. ಅಷ್ಟು ದೂರದಲ್ಲಿದ್ದುದರಿಂದ ಅವನ ಮುಖ ಅವಳಿಗೆ ಚೆನ್ನಾಗಿ ಕಂಡಿತು.

"ಹೂಂ" ಅಂದಳು.